ಕೋತಿ ಕಿತ್ತ ಹೂವಿನ ಚಹಾ

ನಾನು ಕಾಯಿಸಿದ ಸೇವಂತಿಗೆ ಚಹಾದ ಆವಿ ಮೂಗಿಗೆ ಬಡಿದದ್ದೇ ತಡ, ಚೀನಾದ ನಮ್ಮ ಫೋಶಾನ್ ಊರಿನತ್ತ ನುಗ್ಗಿ ಬರುತ್ತಿದ್ದ ಚಂಡಮಾರುತವೊಂದು ಸಮುದ್ರದ ಮೇಲೆಯೇ ಆಕಳಿಸಿ, ಮಗ್ಗುಲು ಬದಲಿಸಿ ನಿದ್ದೆಹೋಯಿತು. ನಂಬದವರು ಸಮುದ್ರವನ್ನೇ ಕೇಳಬಹುದು. ಅಂಥ ಚಹಾ ಅಂಗಡಿಯ ಯಜಮಾನ ನಾನು, ಮಾಕ್ ಕ್ವೋಕ್‌ಫಾಯ್. ನನ್ನ ತಾಮ್ರದ ಹಂಡೆಯ ಈ ಅಂಚಿನಿಂದ ಆ ಅಂಚಿಗೆ ಹೋಗಲು ದೋಣಿ ಬೇಕು.

ಎದುರುಮನೆಯ ಯೂಕ್‌ಲಾನ್ ನಾಟಕದವರ ಉಡುಪಿಗೆ ಕಸೂತಿ ಹಾಕುವವಳು. ಮರುದಿನ ರಂಗಕ್ಕೇರಬೇಕಾದ ರಾಣಿಯ ನಿಲುವಂಗಿಯ ಮೇಲೆ ಫೀನಿಕ್ಸ್ ಹಕ್ಕಿ ರೆಕ್ಕೆ ಬಿಚ್ಚಿ ಕೂತಿತ್ತು, ಕಣ್ಣೊಂದು ಬಾಕಿ. ಅದು ಕೆಟ್ಟರೆ ನಾಟಕ ಮಂಡಳಿಯವರು ಮತ್ತೆ ಕೆಲಸ ಕೊಡುವುದಿಲ್ಲವೆಂಬ ದಿಗಿಲಿಗೆ ಸೂಜಿ ಹಕ್ಕಿಯನ್ನು ಬಿಟ್ಟು ಅವಳ ಬೆರಳನ್ನೇ ಚುಚ್ಚುತ್ತಿತ್ತು.

"ಮಾಕಣ್ಣಾ, ಕಣ್ಣು ಮುಚ್ಚಿದ್ರೆ ಸಾಕು, ಆ ಹಕ್ಕಿ ಕುರುಡಾಗಿ ಹಾರಾಡ್ತದೆ. ಏನಾದ್ರೂ ಕೊಡು. ಕಹಿ ಮಾತ್ರ ಬೇಡ. ಹೋದ್ಸಲ ನಿನ್ನ ಕಷಾಯ ಕುಡಿದಾಗ ನಂಗೆ ಸತ್ತ ನಮ್ಮತ್ತೆ ನೆನಪಾದ್ರು."

"ಕಹಿಯಾ? ಇದು ಮೋಡದ ಮೇಲಿನ ಬಂಡೇಲಿ ಅರಳೋ ಹೂವು ತಂಗೀ. ಕೋತಿಗಳು ಕಿತ್ತು ತಂದ್ಕೊಡ್ತವೆ, ಅದೂ ಕೈ ತೊಳ್ಕೊಂಡು!" ಎಂದು ಬಾಯಿ ಹೊಲಿದ ಬಟ್ಟೆಚೀಲವೊಂದನ್ನು ಕೊಟ್ಟೆ. "ಬಿಚ್ಚಬೇಡ, ಹಾಗೇ ಸಣ್ಣ ಉರಿಯಲ್ಲಿ ಕುದಿಸು."

ಅಲ್ಲಿಗೆ ಬಾಯಿ ಮುಚ್ಚಿದ್ದರೆ ಇಂದಿಗೂ ಮಹಾಪುರುಷನಾಗಿ ಉಳಿಯುತ್ತಿದ್ದೆ. ಆದರೆ ಹೂವಿನ ಚಹಾವನ್ನು ಮಹಾ ಔಷಧವೆನ್ನಿಸುವ ಚಪಲ. "ಕುಡಿದಾದ್ಮೇಲೆ ಚೀಲ ಬಿಚ್ಚಿ, ಚರಟಾನ ನಾಲ್ಕು ದಾರಿ ಸೇರೋ ಕಡೆ ಸುರಿ. ಓಡಾಡೋರ ಕಾಲಿಗೆ ಅಂಟ್ಕೊಂಡು ನಿನ್ನ ಚಿಂತೆ ಊರಾಚೆ ಹೋಗ್ತದೆ," ಎಂದೆ. ಕಾಯಿಲೆಯವರ ಕಷಾಯದ ಚರಟವನ್ನು ನಮ್ಮ ಹಿರಿಯರು ಹಾಗೆ ಸುರಿಯುತ್ತಿದ್ದರು. ಚಹಾಕ್ಕೆ ಯಾರೂ ಮಾಡಿದವರಲ್ಲ.

ಬೆಳಿಗ್ಗೆ ಮಂಡಳಿಯ ಚೌ ಬಂದು ಅವಳ ಬಾಗಿಲು ಬಡಿದ. ಉತ್ತರವಿಲ್ಲ. ಕೂಗಿದ, ಕಿಟಕಿ ಕುಟ್ಟಿದ. ಊಹೂಂ. ಬೀದಿಯೆಲ್ಲ ಸೇರಿತು.

"ಮಾಕ್, ಏನು ಕುಡಿಸಿದ್ಯೋ ಮಾರಾಯ ಅವಳಿಗೆ?"

ನಾನು ಹಿಮ್ಮೆಟ್ಟಿ ನನ್ನ ಹಂಡೆಗೇ ಬಡಿದ ಸದ್ದಿಗೆ ಮೂರು ಬೀದಿಯಾಚೆಯ ನಾಯಿಗಳು ಬೊಗಳಿದವು. ಏಕೆಂದರೆ ಆ ಚೀಲದಲ್ಲಿ ಏನಿತ್ತೆಂದು ನನಗೇ ಗೊತ್ತಿರಲಿಲ್ಲ. ಹೆಂಡತಿ ಸಾವ್‌ಪಿಂಗ್ ಹೊಲಿದಿಟ್ಟಿದ್ದನ್ನು ಕೈಗೆ ಸಿಕ್ಕಂತೆ ತೆಗೆದುಕೊಟ್ಟಿದ್ದೆ. ಇಲಿ ಔಷಧವೂ ಅದೇ ಕಪಾಟಿನಲ್ಲಿತ್ತು.

ಸಾವ್‌ಪಿಂಗ್ ಬೀದಿ ಕೂಡುವಲ್ಲಿಗೆ ನಡೆದು, ಕುಕ್ಕುರುಗಾಲಲ್ಲಿ ಕೂತು, ರಾತ್ರಿ ಅಲ್ಲಿ ಸುರಿದಿದ್ದ ಚರಟ ಕೆದಕಿದಳು. "ಎಲಚಿಹಣ್ಣು. ಅತಿಮಧುರ. ಗುಲಾಬಿ ಮೊಗ್ಗು." ಆಮೇಲೆ ಒಂದು ಕಾಳನ್ನು ಎತ್ತಿ ಎಲ್ಲರಿಗೂ ತೋರಿಸಿದಳು. "ಗೋಧಿ. ಇದೇ ಏನ್ರೀ ನಿಮ್ಮ ಕೋತಿ ಹೂವು? ಇದು ನಮ್ಮಜ್ಜಿ ನಿದ್ದೆ ಬರದ ಸೊಸೇರಿಗೆ ಕೊಡ್ತಿದ್ದ ಚಹಾ. ಇದಕ್ಕೆ ಯಾರೂ ಸಾಯಲ್ಲ."

ಅಷ್ಟರಲ್ಲಿ ಬಾಗಿಲು ತೆರೆಯಿತು. ಯೂಕ್‌ಲಾನಳ ಕೂದಲು ಹಕ್ಕಿಗೂಡು, ಕೆನ್ನೆಯ ಮೇಲೆ ದಿಂಬಿನ ಗೆರೆ, ತೋಳಿನ ಮೇಲೆ ನಿಲುವಂಗಿ.

"ಎಷ್ಟು ದಿನದ ಮೇಲೆ ಕಣ್ಣು ಹತ್ತಿತ್ತು! ನಿಮಗೆಲ್ಲ ಬೇರೆ ಕೆಲಸ ಇಲ್ವಾ?"

ಚೌ ನಿಲುವಂಗಿಯನ್ನು ಬಿಸಿಲಿಗೆ ಹಿಡಿದ. ಕಪ್ಪು ರೇಷ್ಮೆಯ ಕಣ್ಣು ಮಿಂಚಿತು. "ಅಯ್ಯಪ್ಪಾ, ಹಕ್ಕಿ ನನ್ನನ್ನೇ ಗದರಿಸ್ತಿದೆಯಲ್ಲ! ಅಕ್ಕಾ, ಮುಂದಿನ ನಾಟಕದ ಬಟ್ಟೇನೂ ನಿನಗೇ."

ಯೂಕ್‌ಲಾನ್ ಹೊಸ್ತಿಲ ಮೇಲೆಯೇ ಕುಸಿದು ಕೂತು ನಕ್ಕಳು. ಬೀದಿಯೆಲ್ಲ ಒಟ್ಟಿಗೆ ಬಿಟ್ಟ ಉಸಿರಿಗೆ ಸಾಲು ಸಾಲು ಒಣಹಾಕಿದ ಬಟ್ಟೆ ಹಾರಿಹೋಯಿತು. ನನಗೂ ನಾಲಗೆ ಮರಳಿ ಬಂತು.

"ನೋಡಿದ್ರಾ? ಚಂಡಮಾರುತವನ್ನೇ ಮಲಗಿಸಿದ ಕೈ ಇದು!"

"ಹೌದೌದು," ಎಂದಳು ಸಾವ್‌ಪಿಂಗ್, ಕೈಗಂಟಿದ ಗೋಧಿ ಕೊಡವುತ್ತ. "ಆ ದಿನ ಎಲ್ಲಿದ್ರಿ ಅಂತ್ಲೂ ಹೇಳಿ."

ಎಲ್ಲರೂ ನನ್ನತ್ತ ತಿರುಗಿದರು. ಹಕ್ಕಿ ಕೂಡ.

"ಮಂಚದ ಕೆಳಗೆ," ಎಂದೆ.

"ಚಹಾ?"

"ನೀನೇ ಕಾಯಿಸಿ ಅಲ್ಲಿಗೇ ತಂದುಕೊಟ್ಟೆ."