ದೂರ ದೂರ ಕೂತವರು

ಮಡಚುವ ಕುರ್ಚಿಯೊಂದನ್ನು ಬಿಡಿಸಲು ಹೋಗಿ ಮಗಳು ಬೆರಳು ಸಿಕ್ಕಿಸಿಕೊಂಡಳು. ಕೈ ನಡುಗುತ್ತಿತ್ತು. ಅಪ್ಪ ಹೋದ ದುಃಖ ಎಂದುಕೊಂಡ ಸೋದರತ್ತೆ ಕುರ್ಚಿಯನ್ನು ಕಸಿದುಕೊಂಡು ತಾನೇ ಬಿಡಿಸಿಟ್ಟಳು. ದುಃಖವೇನೋ ಇತ್ತು. ಆದರೆ ಕನ್ನಡಕದಂಗಡಿಯಲ್ಲಿ ಸಾಸಿವೆ ಕಾಳಿನಷ್ಟು ಸ್ಕ್ರೂ ತಿರುಗಿಸುವ ಆ ಕೈ ನಡುಗತೊಡಗಿ ಬಹಳ ಕಾಲವಾಗಿತ್ತು. ಬೆಳಿಗ್ಗೆ ಒಂದು ಗುಟುಕು ಬೀಳದಿದ್ದರೆ ಅದು ಹೇಳಿದ ಮಾತೇ ಕೇಳುತ್ತಿರಲಿಲ್ಲ. ಇವತ್ತು ಬಿದ್ದಿರಲಿಲ್ಲ. ಅಪ್ಪನ ಮುಂದೆ ಬಾಯಿವಾಸನೆ ಹೊತ್ತುಕೊಂಡು ಹೋಗಬಾರದೆಂದು ಹಟ ಹಿಡಿದಿದ್ದಳು, ಪಾಪ, ಅಪ್ಪನಿಗೆ ಇನ್ನು ಯಾವ ವಾಸನೆಯ ಹಂಗೂ ಇಲ್ಲದಿದ್ದರೂ.

ಚಿತಾಗಾರದ ಆ ಹಾಲ್‌ನಲ್ಲಿ ಮನೆಯವರೆಂದರೆ ಅವರಿಬ್ಬರೇ. ಅಪ್ಪ ಲಿಫ್ಟ್ ಮೆಕ್ಯಾನಿಕ್. ಊರಿನ ಅರ್ಧ ಜನರನ್ನು ಮೇಲೆ ಕೆಳಗೆ ಸಾಗಿಸಿದವನು ಕುಡಿದು ಕುಡಿದು ನೆಂಟರಿಷ್ಟರನ್ನೆಲ್ಲ ದೂರ ಮಾಡಿಕೊಂಡಿದ್ದ. ಅಮ್ಮ ಸತ್ತ ಮೇಲೆ ಮಗಳೂ ಮಾತು ಬಿಟ್ಟಿದ್ದಳು. ಯಾರೂ ಬರಲಿಕ್ಕಿಲ್ಲ ಎಂದೇ ಅತ್ತೆ ಅಂದುಕೊಂಡಿದ್ದಳು. ಆದರೆ ಒಬ್ಬೊಬ್ಬರಾಗಿ ಏಳೆಂಟು ಜನ ಬಂದರು.

ಬಂದವರೋ, ವಿಚಿತ್ರದವರು. ಒಬ್ಬರ ಮುಖ ಒಬ್ಬರು ನೋಡದೆ, ನಡುವೆ ಮೂರು ನಾಲ್ಕು ಕುರ್ಚಿ ಬಿಟ್ಟು ದೂರ ದೂರ ಕೂತರು. ಹೇಗೆ ಪರಿಚಯ ಎಂದು ಅತ್ತೆ ವಿಚಾರಿಸಿದರೆ, ಬಿಳಿ ಮೀಸೆಯ ಬಸ್ ಡ್ರೈವರ್ ಹೀಗೇ ಎಂದು ನೆಲ ನೋಡಿದ. ನರ್ಸೊಬ್ಬಳು ತಮ್ಮ ಆಸ್ಪತ್ರೆಯ ಲಿಫ್ಟ್ ರಿಪೇರಿಗೆ ಬರುತ್ತಿದ್ದರು ಎಂದಳು. ಆ ಆಸ್ಪತ್ರೆಗೆ ಮಹಡಿಯೇ ಇಲ್ಲವೆಂಬುದು ಅವಳ ಮುಂದಿನ ಮಾತಿನಲ್ಲೇ ಹೊರಬಿತ್ತು.

ಅತ್ತೆ ಮೂಗು ಮುರಿದಳು. "ಹಳೇ ಕುಡಿಯೋ ಗ್ಯಾಂಗು ಕಣೇ. ಸತ್ತ ಮೇಲೂ ಬಿಡ್ಲಿಲ್ಲ ನೋಡು ನಮ್ಮಣ್ಣನ್ನ."

ಮಗಳು ಕುರ್ಚಿಗೆ ಸಿಕ್ಕಿದ್ದ ಬೆರಳನ್ನು ಉಜ್ಜಿಕೊಂಡಳು.

ಯಾರಾದರೂ ಎರಡು ಮಾತಾಡುವಿರಾ ಎಂದು ಚಿತಾಗಾರದವನು ಕೇಳಿದ. ಕೊನೆಗೆ ಡ್ರೈವರ್ ಎದ್ದ. ಏನು ಹೇಳುವುದೆಂದು ತಿಳಿಯದೆ ತಡಬಡಿಸುತ್ತಿದ್ದವನ ಬಾಯಿಂದ, ವಾರವಾರವೂ ಹೇಳಿ ರೂಢಿಯಾದದ್ದು ತಾನಾಗಿ ಜಾರಿತು.

"ನಾನು ಡ್ರೈವರ್. ನಾನು ಕುಡುಕ."

"ನಮಸ್ಕಾರ, ಡ್ರೈವರ್," ಎಂದು ಹಾಲ್‌ನ ಮೂಲೆಮೂಲೆಯಿಂದ ಎಲ್ಲರೂ ಒಟ್ಟಿಗೆ ಅಂದುಬಿಟ್ಟರು.

ಅಂದ ಮೇಲೆ ನಾಲಿಗೆ ಕಚ್ಚಿಕೊಂಡರು. ತಾವು ವಾರವಾರ ಸೇರುವ ಕೋಣೆಯ ಹೊರಗೆ ಎದುರಾದರೆ ಗುರುತೇ ಇಲ್ಲದವರಂತೆ ಹೋಗಬೇಕೆಂಬುದು ಅವರು ಹಾಕಿಕೊಂಡ ಕಟ್ಟುಪಾಡು. ಇಷ್ಟು ವರ್ಷ ಕಾಪಾಡಿಕೊಂಡು ಬಂದದ್ದು ಶವಪೆಟ್ಟಿಗೆಯ ಮುಂದೆ ಹೀಗೆ ಮುರಿದುಬಿತ್ತು. ನರ್ಸ್ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡಳು, ನಗುವೋ ಅಳುವೋ ತಿಳಿಯಲಿಲ್ಲ.

"ಇನ್ನೇನು ಮುಚ್ಚಿಡೋದು," ಎಂದ ಡ್ರೈವರ್. "ಇವ್ರು ಕುಡಿಯೋದು ಬಿಟ್ಟು ಎಷ್ಟೋ ವರ್ಷ ಆಗಿತ್ತು. ನಮ್ಮ ಕೈಲೂ ಬಿಡಿಸಿದ್ರು. ಕುಡಿತ ಬಿಟ್ಟೋರು ನಾವು, ವಾರಕ್ಕೊಂದ್ಸಲ ಸೇರಿ ಹೀಗೇ ಹೇಳ್ಕೋತೀವಿ."

ಅತ್ತೆ ಕುಸಿದು ಕೂತಳು. ನನಗೊಂದು ಮಾತು ಹೇಳಬಾರದಿತ್ತೇ ಎಂದು ಗೊಣಗುತ್ತ ಅಳತೊಡಗಿದಳು. ಮಗಳಿಗೆ ಮಾತ್ರ ಇದು ಹೊಸ ಸುದ್ದಿಯಲ್ಲ.

*

ಹೋದ ವರ್ಷ ಒಂದು ಮಧ್ಯಾಹ್ನ, ಮುದುಕರೊಬ್ಬರ ಕನ್ನಡಕದ ಗಾಜು ಅವಳ ಕೈಜಾರಿ ಚೂರಾಯಿತು. ಇನ್ನು ಆಗದು ಎಂದುಕೊಂಡು, ಬಸ್‌ಸ್ಟಾಪಿನ ಗೋಡೆಯ ಮೇಲೆ ಕುಡಿತ ಬಿಡುವವರಿಗೆಂದು ಅಂಟಿಸಿದ್ದ ನಂಬರಿಗೆ ಫೋನ್ ಮಾಡಿದಳು. "ಹಲೋ, ಹೇಳಿ," ಎಂದಿತು ಆ ಕಡೆಯ ದನಿ.

ಅಪ್ಪನ ದನಿ! ತಟ್ಟೆ ಎಸೆದು ಅರಚುತ್ತಿದ್ದ ಅದೇ ದನಿ, ಈಗ ಮಗುವನ್ನು ಮಲಗಿಸುವಷ್ಟು ಮೆತ್ತಗಾಗಿತ್ತು.

"ಮಾತಾಡೋಕೆ ಆಗ್ತಿಲ್ವಾ? ಪರವಾಗಿಲ್ಲ. ನಾನೂ ಮೊದಲನೇ ಸಲ ಹೀಗೇ ನಿಂತಿದ್ದೆ. ದಾರಿ ಹೇಳ್ತೀನಿ, ಕೇಳಿಸ್ಕೊಳ್ಳಿ. ಲಾಂಡ್ರಿ ಪಕ್ಕ ಒಂದು ಸಣ್ಣ ಬಾಗಿಲಿದೆ. ಬೋರ್ಡು ಹುಡುಕಬೇಡಿ, ಇಲ್ಲ. ಮೆಟ್ಟಿಲು ಹತ್ತಿ ಬನ್ನಿ. ನಾನಿರ್ತೀನಿ."

ಅಪ್ಪಾ ಎಂದು ಕರೆಯಬೇಕೆನಿಸಿತು. ಆದರೆ ಇವನನ್ನು ಕುಡುಕ ಎಂದು ಜರೆದು ಮನೆ ಬಿಟ್ಟವಳು ಈಗ ಯಾವ ಮುಖ ಇಟ್ಟುಕೊಂಡು ಆ ಮೆಟ್ಟಿಲು ಹತ್ತಬೇಕು? ಫೋನ್ ಇಟ್ಟಳು. ಆಮೇಲೆ ಎಷ್ಟೋ ಸಲ ಆ ಬಾಗಿಲವರೆಗೆ ಹೋದಳು. ಪ್ರತಿ ಸಲವೂ ಧೈರ್ಯ ಸಾಲದೆ ಪಕ್ಕದ ಲಾಂಡ್ರಿಗೆ ನುಗ್ಗಿ, ಒಗೆಯಲು ಬಟ್ಟೆ ಕೊಟ್ಟು ವಾಪಸು ಬಂದಳು. ಅವಳ ಬಟ್ಟೆಗಳು ಆ ವರ್ಷ ಕಂಡಷ್ಟು ಇಸ್ತ್ರಿಯನ್ನು ಜನ್ಮದಲ್ಲೇ ಕಂಡಿರಲಿಲ್ಲ.

*

ಎಲ್ಲ ಮುಗಿಯಿತು. ಒಬ್ಬಳೇ ಇರಬೇಡ, ನಮ್ಮ ಮನೆಗೆ ಬಾ ಎಂದು ಅತ್ತೆ ಕರೆದಳು. ಸ್ವಲ್ಪ ಕೆಲಸವಿದೆ ಎಂದಳು ಮಗಳು. ಯಾವ ಕೆಲಸವೋ ಅವಳಿಗೇ ತಿಳಿಯದು. ತನ್ನ ಮನೆಯ ಬೀರುವಿನಲ್ಲಿ ತುಂಬಿದ ಬಾಟಲಿಯಿತ್ತು. ಇವತ್ತು ಆ ಮನೆಗೆ ಹೋದರೆ ತಾನು ಉಳಿಯುವವಳಲ್ಲ ಎಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು.

ಗೇಟಿನ ಬಳಿ ಡ್ರೈವರ್ ಒಬ್ಬನೇ ನಿಂತಿದ್ದ.

"ಇವತ್ತೂ ಸೇರ್ತೀರಾ?" ಎಂದು ಕೇಳಿದಳು.

ಅವನು ಅವಳ ಕೈ ನೋಡಿದ. ನೋಡಿ ಬೇರೆಡೆ ತಿರುಗಿದ. "ಸೇರ್ತೀವಮ್ಮ. ಹೋದ ವರ್ಷದಿಂದ, ಎಲ್ಲಾ ಮುಗಿದು ಬಾಗಿಲು ಹಾಕೋ ಹೊತ್ತಿಗೂ ನಿಮ್ಮಪ್ಪ ಕೆಳಗೇ ನಿಂತಿರ್ತಿದ್ರು. ಇನ್ನೊಬ್ರು ಬರೋರಿದಾರೆ, ತಡಿ ಅಂತಿದ್ರು. ಯಾರು ಅಂತ ಮಾತ್ರ ಹೇಳ್ಲಿಲ್ಲ."

ಬೆಳಿಗ್ಗೆಯಿಂದ ಬಾರದ ಅಳು ಆಗ ಬಂತು. ಗೇಟು ಹಿಡಿದು ಬಿಕ್ಕಿ ಬಿಕ್ಕಿ ಅತ್ತಳು. ಡ್ರೈವರ್ ಸಮಾಧಾನ ಹೇಳಲು ಬರಲಿಲ್ಲ, ಹೋಗಲೂ ಇಲ್ಲ. ಅವಳು ಕಣ್ಣೊರೆಸಿಕೊಂಡ ಮೇಲೆ ನಡೆಯತೊಡಗಿದ.

ರಸ್ತೆಯಲ್ಲಿ ಅವರೆಲ್ಲ ಬಿಡಿಬಿಡಿಯಾಗಿ ಹೋಗುತ್ತಿದ್ದರು. ಮತ್ತೆ ಯಾರಿಗೂ ಯಾರೂ ಗೊತ್ತಿಲ್ಲ. ಆದರೆ ಒಬ್ಬರು ತಿರುಗಿದ ತಿರುವಿನಲ್ಲೇ ಇನ್ನೊಬ್ಬರೂ ತಿರುಗುತ್ತಿದ್ದರು. ಎಲ್ಲರಿಗಿಂತ ಹಿಂದೆ ನರ್ಸ್, ಅವಳ ಹಿಂದೆ ಅಷ್ಟೇ ದೂರ ಬಿಟ್ಟು ಮಗಳು. ಲಾಂಡ್ರಿ ಬಂತು. ಮಗಳ ಕಾಲು ಅಭ್ಯಾಸಬಲದಿಂದ ಅದರತ್ತ ಎಳೆಯಿತು. ಒಗೆಯಲು ಕೊಡುವುದಕ್ಕೆ ಕೈಯಲ್ಲಿ ಏನೂ ಇರಲಿಲ್ಲ.

ಮುಂದಿನವರೆಲ್ಲ ಸಣ್ಣ ಬಾಗಿಲು ದಾಟಿ ಮರೆಯಾದರು. ನರ್ಸ್ ಮಾತ್ರ ಹೊಸ್ತಿಲಲ್ಲಿ ತಡೆದು ನಿಂತಳು. ತಿರುಗಿ ನೋಡಲಿಲ್ಲ. ಬೀದಿಗೆ ಬೆನ್ನು ಹಾಕಿಕೊಂಡೇ, ಬಾಗಿಲು ಮುಚ್ಚಿಕೊಳ್ಳದಂತೆ ಒಂದು ಕಾಲನ್ನು ಅಡ್ಡ ಇಟ್ಟು ನಿಂತಿದ್ದಳು.