ಊರಾಚೆಯ ಡ್ರೈವರು

ನಮ್ಮ ಕಾರಿಗೆ ಇಬ್ಬರು ಡ್ರೈವರುಗಳಿದ್ದರು. ಊರೊಳಗೆ ನಮ್ಮ ಯಜಮಾನರು, ಊರಾಚೆ ನಾನು.

ದಾವಣಗೆರೆಯ ಕೆ.ಬಿ. ಬಡಾವಣೆಯ ಮನೆಯಿಂದ ಹೊರಡುವಾಗ ಅವರೇ ಸ್ಟಿಯರಿಂಗ್ ಹಿಡಿಯುತ್ತಿದ್ದರು. ತಲೆಗೆ ಕರೀ ಟೋಪಿ, ಮೈಮೇಲೆ ಇಸ್ತ್ರಿಯ ಕೋಟು, ಮುಖದಲ್ಲಿ ಹತ್ತಿ ವ್ಯಾಪಾರಿ ತಿಪ್ಪೇರುದ್ರಪ್ಪನವರಿಗೆ ತಕ್ಕ ಗಾಂಭೀರ್ಯ. ನಾನು ಪಕ್ಕದಲ್ಲಿ ಸೆರಗು ಹೊದ್ದು ಕೂತು, ತುಟಿ ಹೆಚ್ಚು ಅಲುಗಿಸದೆ, "ಎಡಕ್ಕೆ ಎತ್ತಿನ ಗಾಡಿ ಐತ್ರಿ... ನಿಧಾನ... ಈಗ ಹೋಗ್ರಿ" ಎಂದು ಹೇಳುತ್ತಿದ್ದೆ. ನೋಡಿದವರಿಗೆ ನಾನು ಜಪ ಮಾಡುತ್ತಿದ್ದೇನೆ ಅನ್ನಿಸಿರಬೇಕು.

ಅವರ ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುವಂತಿರಲಿಲ್ಲ. ಪೇಟೆಯ ತಿರುವಿನಲ್ಲಿದ್ದ ಕೆಂಪು ಅಂಚೆ ಡಬ್ಬಕ್ಕೆ ಒಂದು ದಿನ ಕೈಯೆತ್ತಿ ನಮಸ್ಕಾರ ಮಾಡಿ, "ನಾಗರಾಜಪ್ಪ ಯಾಕೋ ಮಾತಾಡವಲ್ಲ, ಸಿಟ್ಟಾಗ್ಯಾನ" ಅಂದರು. ನಾಗರಾಜಪ್ಪ ನಮ್ಮ ಎದುರುಮನೆಯ ಜವಳಿ ವ್ಯಾಪಾರಿ. ಸದಾ ಕೆಂಪು ರುಮಾಲು ಸುತ್ತುವವರು. "ಏನೋ ಯೋಚನೇಲಿ ಇರಬೇಕು ಬಿಡ್ರಿ" ಎಂದು ನಾನೂ ಸುಮ್ಮನಾದೆ. ಅಂದಿನಿಂದ ದಿನಾ ಡಬ್ಬಕ್ಕೆ ನಮಸ್ಕಾರ ತಪ್ಪಲಿಲ್ಲ.

ಊರು ಮುಗಿದು ಹುಣಸೇಮರ ಬಂದ ಕೂಡಲೇ ಕಾರು ನಿಲ್ಲುತ್ತಿತ್ತು. "ಕಾಲು ಹಿಡ್ಕಂಡಾವು. ಸ್ವಲ್ಪ ನೀನು ಹಿಡಿ" ಎಂದು ಅವರು ಇಳಿಯುತ್ತಿದ್ದರು. ಪ್ರತಿಸಲವೂ ಹೊಸದಾಗಿ ಹಿಡಿದ ಕಾಲು. ನಾನು ಹಿಂದಿನ ಸೀಟಿನಿಂದ ನನ್ನ ದಿಂಬು ಎಳೆದು ಡ್ರೈವರ್ ಸೀಟಿನ ಮೇಲೆ ಹಾಕಿ, ಅದರ ಮೇಲೆ ಕೂತು, ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಕ್ಲಚ್ ಒತ್ತುತ್ತಿದ್ದೆ. ನಾನು ಗಿಡ್ಡಿ, ದಿಂಬಿಲ್ಲದಿದ್ದರೆ ರಸ್ತೆ ಕಾಣುತ್ತಿರಲಿಲ್ಲ. ಅಲ್ಲಿಂದ ಹರಿಹರ ಇನ್ನೊಂದು ಮೈಲಿ ಇದೆ ಅನ್ನುವಾಗ ಬರುವ ಮೋರಿಕಟ್ಟೆಯವರೆಗೆ ರಸ್ತೆ ನನ್ನದು. ಅಲ್ಲಿ ಮತ್ತೆ ಅವರ ಕಾಲು ಸರಿಹೋಗುತ್ತಿತ್ತು.

ಕಲಿಸಿದವರೂ ಅವರೇ. ಬೆಳಗಿನ ಜಾವ ಹೊಲದ ದಾರಿಯಲ್ಲಿ ಕಲಿಸಿ, "ಇರ್ಲಿ ಒಂದು" ಎಂದು ಚಿತ್ರದುರ್ಗಕ್ಕೆ ಕರೆದುಕೊಂಡು ಹೋಗಿ ಲೈಸೆನ್ಸು ಕೊಡಿಸಿದ್ದರು. ಪರೀಕ್ಷೆಯಲ್ಲಿ ಕಾನೂನಿನ ಪ್ರಶ್ನೆ ಕೇಳುತ್ತಾರೆಂದು ಮೋಟಾರು ಕಾಯಿದೆಯ ಸಣ್ಣ ಪುಸ್ತಕವೊಂದನ್ನು ರೊಟ್ಟಿ ಬೇಯಿಸುತ್ತಲೇ ಓದಿದ್ದೆ. ಅದರ ಪುಟಗಳ ನಡುವೆ ಇವತ್ತಿಗೂ ಜೋಳದ ಹಿಟ್ಟಿದೆ. ಅಲ್ಲಿ ಇನ್ಸ್‌ಪೆಕ್ಟರು ಕೇಳಿದ್ದು ಒಂದೇ ಪ್ರಶ್ನೆ: "ಹಾರ್ನ್ ಎಲ್ಲೈತೆ ತೋರಿಸಿ." ಉಳಿದದ್ದೆಲ್ಲ ನನ್ನ ತಲೆಯಲ್ಲೇ ಉಳಿಯಿತು.

ಈ ಏರ್ಪಾಟಿಗೆ ಕೊನೆ ಬಂದದ್ದು ಅರವತ್ತೈದರ ಬೇಸಿಗೆಯಲ್ಲಿ.

"ಕಾರು ಮಾರಿಬಿಡಾಣ," ಅಂದರು ಒಂದು ರಾತ್ರಿ ಊಟಕ್ಕೆ ಕೂತಾಗ. "ಹರಿಹರದ ಶಿವಮೂರ್ತಪ್ಪ ಕೇಳ್ತಾ ಇದಾನೆ. ಬಸ್ಸು ಬೇಕಾದಷ್ಟು ಅದಾವಲ್ಲ."

"ಮಾರೋದಾದ್ರೆ ಮಾರ್ರಿ," ಅಂದೆ.

ಬೇರೆ ಏನು ಹೇಳಲಿ? ಕಾರು ಅವರದು. ಆದರೆ ಆ ರಾತ್ರಿ ನನಗೆ ಕಣ್ಣಿಗೆ ಕಟ್ಟಿದ್ದು ಕಾರಲ್ಲ, ಹುಣಸೇಮರದಿಂದ ಮೋರಿಕಟ್ಟೆಯವರೆಗಿನ ರಸ್ತೆ. ಮದುವೆಯಾಗಿ ಇಪ್ಪತ್ತೆಂಟು ವರ್ಷದಲ್ಲಿ ನಾನು ನಿಲ್ಲಿಸಿದರೆ ನಿಲ್ಲುವ, ತಿರುಗಿಸಿದರೆ ತಿರುಗುವ ವಸ್ತು ಆ ರಸ್ತೆಯ ಮೇಲಿನ ಕಾರೊಂದೇ. ಮನೆಯಲ್ಲಿ ಒಂದು ಹಂಡೆ ಸರಿಸಬೇಕಾದರೂ ನಾಲ್ಕು ಜನರ ಒಪ್ಪಿಗೆ ಬೇಕಾಗುತ್ತಿತ್ತು. ಇದನ್ನು ಗಂಡನಿಗೆ ಹೇಗೆ ಹೇಳುವುದು? ಹೇಳಿದರೆ ಮನೆಯ ಮೇಲೆ ದೂರು ಹೇಳಿದಂತಾಗುತ್ತದೆ. ದೂರೇನೂ ಇರಲಿಲ್ಲ. ರಸ್ತೆ ಬೇಕಿತ್ತು, ಅಷ್ಟೆ.

ಮರುವಾರ ಶಿವಮೂರ್ತಪ್ಪನವರಿಗೆ ಕಾರು ತೋರಿಸಲು ಹೊರಟೆವು. ಡಿಕ್ಕಿಯಲ್ಲಿ ಅವರ ಮನೆಯವರಿಗೆಂದು ಒಂದು ಡಬ್ಬಿ ಚಕ್ಕುಲಿ. ಕೊನೆಯ ಸಲ ಅಂತ ಗೊತ್ತಿದ್ದರಿಂದಲೋ ಏನೋ, ಅವತ್ತು ಚೆನ್ನಾಗಿ ಓಡಿಸಿದೆ. ಒಂದು ಲಾರಿಯನ್ನೂ ಹಿಂದೆ ಹಾಕಿದೆ.

"ಏನು, ರೈಲು ಹಿಡೀಬೇಕಾ?" ಅಂದರು ಯಜಮಾನರು.

ಮೋರಿಕಟ್ಟೆ ಬಂತು. ನಿಲ್ಲಿಸಿದೆ. ಇಬ್ಬರೂ ಇಳಿದು, ಕಾರಿಗೆ ಅರ್ಧ ಸುತ್ತು ಹಾಕಿ, ಜಾಗ ಬದಲಾಯಿಸಿ ಕೂತೆವು. ಅವರು ಇನ್ನೂ ಬೀಗದ ಕೈ ತಿರುಗಿಸಿರಲಿಲ್ಲ, ಜಾಲಿಗಿಡಗಳ ಆಚೆಯಿಂದ ಸೀಟಿ ಕೇಳಿಸಿತು.

ಆ ವರ್ಷ ಕದ್ದು ಅಕ್ಕಿ ಸಾಗಿಸುವುದನ್ನು ತಡೆಯಲು ಅಲ್ಲಲ್ಲಿ ತಪಾಸಣೆ ಇಡುತ್ತಿದ್ದರು. ಅವತ್ತು ತಿರುವಿನಾಚೆಯೇ ಎರಡು ಡಾಂಬರು ಪೀಪಾಯಿ ನಿಲ್ಲಿಸಿ ಬಿದಿರಿನ ಗಳ ಅಡ್ಡ ಹಾಕಿದ್ದರು. ಅದರ ಮುಂದೆ ದಾವಣಗೆರೆಯ ಬಸ್ಸೊಂದು ನಿಂತಿತ್ತು. ಅಲ್ಲಿಂದ ಒಬ್ಬ ಪೊಲೀಸ್ ದಫೇದಾರ ನಮ್ಮ ಕಡೆಗೆ ದಾಪುಗಾಲು ಹಾಕುತ್ತಾ ಬಂದ. ತೋಳಿನ ಮೇಲೆ ಪಟ್ಟಿ, ಕೈಯಲ್ಲಿ ಲಾಠಿ. ಗೋಣೆಪ್ಪ ಅಂತ ಹೆಸರು ಎಂದು ಆಮೇಲೆ ತಿಳಿಯಿತು.

"ಇಬ್ರೂ ಇಳಿದ್ರಿ, ಸುತ್ತು ಹಾಕಿದ್ರಿ, ಹತ್ತಿದ್ರಿ. ಗಿಡದ ಸಂದಿಯಿಂದ ನೋಡೀನಿ. ಏನು ಬಚ್ಚಿಟ್ರಿ?" ಅಂದ. "ಡಿಕ್ಕಿ ತೆಗೀರಿ."

ತೆಗೆದೆ. ಚಕ್ಕುಲಿ ಡಬ್ಬಿಯ ಮುಚ್ಚಳ ತೆಗೆದು ಮೂಸಿ ನೋಡಿದ. ಅಕ್ಕಿ ಸಿಕ್ಕಿತ್ತು, ಆದರೆ ಹಿಟ್ಟಾಗಿ, ಕರಿದು. ಬೇಸರದಿಂದ ಮುಚ್ಚಳ ಹಾಕಿ ಕಿಟಕಿಗೆ ಬಂದ.

"ಓಡಿಸ್ಕಂಡು ಬಂದೋರು ಯಾರ್ರಿ?"

"ನಾನೇ," ಅಂದರು ನಮ್ಮ ಯಜಮಾನರು.

"ಲೈಸೆನ್ಸ್ ಕೊಡ್ರಿ."

ಕೊಟ್ಟರು. ದಫೇದಾರ ಪುಟ ತಿರುವಿ, ಬೆರಳಿಟ್ಟು ಓದಿದ. "ಯಜಮಾನ್ರೆ, ಇದು ಯುಗಾದಿಗೇ ಮುಗುದೈತಲ್ರಿ!"

ನಾನು ಅವರ ಮುಖ ನೋಡಿದೆ. ನನಗೆ ಗೊತ್ತಿರಲಿಲ್ಲ. ನವೀಕರಣದ ಅರ್ಜಿಯ ಸಣ್ಣ ಅಕ್ಷರ ಅವರಿಗೆ ಕಂಡಿರಲಿಕ್ಕಿಲ್ಲ. ಓದಿ ಹೇಳು ಎಂದು ನನ್ನನ್ನು ಕೇಳಲು ಮನಸ್ಸು ಬಂದಿರಲಿಕ್ಕಿಲ್ಲ. ಅದಕ್ಕೇ ಕಾರು ಮಾರುವ ಮಾತು ಬಂದದ್ದು. ಗಂಡಸರು ಕೆಲವು ಬಾಗಿಲುಗಳನ್ನು ತಟ್ಟುವ ಬದಲು ಮನೆಯನ್ನೇ ಮಾರುತ್ತಾರೆ.

"ಲೈಸೆನ್ಸಿಲ್ದೆ ಗಾಡಿ ಓಡಿಸೀರಿ. ಕಾರು ಇಲ್ಲೇ ಇರ್ಲಿ, ನೀವು ಸ್ಟೇಷನ್ನಿಗೆ ನಡೀರಿ," ಅಂದ ದಫೇದಾರ.

ಅಷ್ಟರಲ್ಲಿ ಬಸ್ಸಿನ ಜನರೆಲ್ಲ ಇಳಿದು ಬಂದಿದ್ದರು. ಮುಂದೆ ಕೆಂಪು ರುಮಾಲು. ಇದು ಅಂಚೆ ಡಬ್ಬವಲ್ಲ, ನಿಜವಾದ ನಾಗರಾಜಪ್ಪ.

"ಏನ್ರಿ ತಿಪ್ಪೇರುದ್ರಪ್ನೋರೆ, ಏನಾತು?"

ಯಜಮಾನರು ಸ್ಟಿಯರಿಂಗನ್ನೇ ನೋಡುತ್ತಾ ಕೂತರು.

ಓಡಿಸಿದವಳು ನಾನು, ನನ್ನ ಲೈಸೆನ್ಸು ಸರಿಯಾಗಿದೆ, ಇವರು ಇಲ್ಲಿ ಕಾರನ್ನು ಒಂದು ಗೇಣೂ ಮುಂದೆ ತಂದಿಲ್ಲ ಎಂದರೆ ಮುಗಿಯಿತು, ತಪ್ಪೇ ಇಲ್ಲ. ಆದರೆ ಇವರ ಮರ್ಯಾದೆ ಇಡೀ ಬಸ್ಸಿನ ಮುಂದೆ ಬೀದಿಗೆ ಬೀಳುತ್ತದೆ. ಹೇಳದಿದ್ದರೆ ಇವರು ಠಾಣೆಗೆ, ಕಾರು ಶಿವಮೂರ್ತಪ್ಪನವರ ಮನೆಗೆ. ಸ್ಟಿಯರಿಂಗಿನ ನಡುಕ ಇನ್ನೂ ನನ್ನ ಅಂಗೈಯಲ್ಲಿ ಜುಮ್ಮೆನ್ನುತ್ತಿತ್ತು. ಇವರನ್ನು ಉಳಿಸಲಿಕ್ಕೆಂದೇ ಬಾಯಿ ಬಿಟ್ಟೆ ಎಂದು ಆಮೇಲೆ ಎಲ್ಲರಿಗೂ ಹೇಳಿದ್ದೇನೆ. ಅದು ಅರ್ಧ ನಿಜ.

"ದಫೇದಾರ್ರೆ, ಓಡಿಸಿದ್ದು ನಾನು," ಅಂದೆ.

ಅವನು ನಕ್ಕ. "ಯಜಮಾನ್ರನ್ನ ಉಳಿಸಾಕೆ ಹೇಳ್ತೀರಿ, ಗೊತ್ತಾಗ್ತೈತೆ ಅಮ್ಮಾರೆ."

"ಅವರು ಕೂತಿರೋದು ನೋಡ್ರಿ."

ಎಲ್ಲರೂ ನೋಡಿದರು. ಅವಸರದಲ್ಲಿ ಅವರು ನನ್ನ ದಿಂಬು ತೆಗೆಯದೆ ಹಾಗೇ ಕೂತಿದ್ದರು. ಆರಡಿ ಎತ್ತರದ ಮನುಷ್ಯ. ಕರೀ ಟೋಪಿ ಚಾವಣಿಗೆ ಒತ್ತಿ ಚಪ್ಪಟೆಯಾಗಿತ್ತು, ಮೊಣಕಾಲು ಸ್ಟಿಯರಿಂಗಿಗೆ ಸಿಕ್ಕಿಕೊಂಡಿತ್ತು. ದಿಂಬಿನ ಅಂಚಿನಲ್ಲಿ ನಾನು ಹಾಕಿದ ಗಿಳಿ ಕಸೂತಿ ಹೊರಗೆ ಇಣುಕುತ್ತಿತ್ತು.

"ಆ ದಿಂಬು ಯಾರದ್ರಿ?" ಅಂದ ದಫೇದಾರ.

ಇವರು "ನಂದು" ಅಂದುಬಿಟ್ಟರೆ ನಾನು ಮತ್ತೆ ಬಾಯಿ ತೆಗೆಯುತ್ತಿರಲಿಲ್ಲ. ಅವರು ನಿಧಾನವಾಗಿ ಇಳಿದರು, ಟೋಪಿ ಸರಿಮಾಡಿಕೊಂಡರು, ದಿಂಬನ್ನು ಎಳೆದು ಅದರ ಧೂಳು ತಟ್ಟಿ ನನ್ನ ಕೈಗೆ ಕೊಟ್ಟರು.

"ಆಕೀದು. ಆಕೀನೇ ಓಡ್ಸಿದ್ದು," ಅಂದರು.

ನಾಗರಾಜಪ್ಪನವರ ಬಾಯಿ ತೆರೆದದ್ದು ಮುಚ್ಚಲಿಲ್ಲ. ನನ್ನ ಲೈಸೆನ್ಸು ಕೊಟ್ಟೆ. ದಫೇದಾರ ಅದರಲ್ಲಿದ್ದ ಫೋಟೋ ನೋಡಿದ, ನನ್ನನ್ನು ನೋಡಿದ, ಮತ್ತೆ ಫೋಟೋ ನೋಡಿದ.

"ಹೆಂಗಸ್ರಿಗೆ ಇದನ್ನ ಯಾರು ಕೊಟ್ರು? ಇರ್ಲಿ, ಇದು ನನ್ ಹತ್ರ ಇರ್ಲಿ. ನಾಳೆ ಇನ್ಸ್‌ಪೆಕ್ಟರ್ ಸಾಹೇಬ್ರನ್ನ ಕಂಡು ತಗಂಡು ಹೋಗ್ರಿ," ಎಂದು ಜೇಬಿಗೆ ಹಾಕಿಕೊಂಡ.

ಜೋಳದ ಹಿಟ್ಟಿನ ಆ ಪುಟ ನನ್ನ ಕಣ್ಣ ಮುಂದೆ ಬಂತು.

"ಆಗ್ಲಿ, ಇಟ್ಕಳ್ರಿ. ರಸೀದಿ ಬರ್ಕೊಡ್ರಿ."

"ಏನ್ ರಸೀದಿ?"

"ಯೂನಿಫಾರ್ಮಿನಾಗೆ ಇದ್ದೀರಿ, ಕೇಳಿದ್ರಿ, ತೋರ್ಸಿದೆ. ನೀವು ಇಟ್ಕಂಡ್ರೆ ಚೀಟಿ ಕೊಡಬೇಕು ಅಂತ ಕಾಯ್ದೆ ಐತೆ. ಆ ಚೀಟಿ ಇಟ್ಕಂಡು ನಾನು ಗಾಡಿ ಓಡಿಸ್ಬಹುದು. ಯಾವ ತಪ್ಪಿಗೆ ಇಟ್ಕಂಡ್ರಿ ಅಂತ ಅದರಾಗೇ ಬರೀರಿ, ಸಾಹೇಬ್ರಿಗೆ ತೋರ್ಸಾಕೆ ಅನುಕೂಲ."

"ಕಾಗದ ಇಲ್ಲ ನನ್ ಹತ್ರ."

ಚೀಲದಿಂದ ಒಂದು ಲಗ್ನಪತ್ರಿಕೆ ತೆಗೆದು, ಹಿಂದಿನ ಖಾಲಿ ಮಗ್ಗುಲು ತಿರುಗಿಸಿ, ಪೆನ್ಸಿಲ್ ಸಮೇತ ಕೊಟ್ಟೆ. ಅವನು ಕಾರಿನ ಬಾನೆಟ್ಟಿನ ಮೇಲೆ ಅದನ್ನಿಟ್ಟು, ತಾರೀಖು ಬರೆದ. ನನ್ನ ಹೆಸರು ಕಮಲಮ್ಮ ಎಂದು ಬರೆದ. ಆಮೇಲೆ ಪೆನ್ಸಿಲ್ ನಿಂತಿತು.

"ತಪ್ಪು... ತಪ್ಪು ಏನಂತ ಬರೀಲಿ?"

"ಹೆಂಗ್ಸು ಅಂತ ಬರ್ಕಳ್ರಿ ದಫೇದಾರಪ್ಪ!" ಗುಂಪಿನಿಂದ ಬುಟ್ಟಿ ಹೊತ್ತ ಭೀಮವ್ವ ಎನ್ನುವ ತರಕಾರಿ ಮಾರುವವಳು ಕೂಗಿದಳು. "ಅದೊಂದೇ ತಪ್ಪು ಕಾಣ್ತೈತೆ!"

ಜನ ಹೋ ಎಂದು ನಕ್ಕರು. ಬಸ್ಸಿನ ಡ್ರೈವರು ಎಲ್ಲರಿಗಿಂತ ಜೋರಾಗಿ ನಕ್ಕ. ಆಮೇಲೆ ಮೆಲ್ಲಗೆ ನನ್ನ ಹತ್ತಿರ ಬಂದು, "ಅಕ್ಕಾ, ಆ ಕಾಯ್ದೆ ನಮಗೂ ಐತೇನ್ರಿ?" ಎಂದು ಕೇಳಿದ.

"ಎಲ್ರಿಗೂ ಐತಪ್ಪ."

ಗೋಣೆಪ್ಪ ಕೆಟ್ಟವನೇನಲ್ಲ. ತಾನೂ ನಗು ತಡೆಯಲಾರದೆ ಮೀಸೆ ಒರೆಸಿಕೊಂಡು ಎರಡೂ ಲೈಸೆನ್ಸು ವಾಪಸು ಕೊಟ್ಟ. "ಯಜಮಾನ್ರು ಮಾತ್ರ ಸ್ಟಿಯರಿಂಗ್ ಮುಟ್ಟಂಗಿಲ್ಲ, ಈಗ್ಲೇ ಹೇಳೀನಿ. ನೀವು ಹತ್ರಿ, ಹೋಗ್ರಿ." ಪೆನ್ಸಿಲ್ ಕೊಡುವುದನ್ನು ಮರೆತ. ನಾನೂ ಕೇಳಲಿಲ್ಲ.

ದಿಂಬು ಹಾಕಿಕೊಂಡು ಕೂತೆ. ಬಿದಿರಿನ ಗಳ ಮೇಲೆದ್ದಿತು. ನೂರು ಕಣ್ಣುಗಳ ಮುಂದೆ ಗೇರ್ ಹಾಕುವಾಗ ಒಂದು ಸಲ ಕಿರ್ರೆಂದಿತು, ಆಮೇಲೆ ಹೋಯಿತು. ಹರಿಹರದೊಳಗೆ ನಾನೇ ಓಡಿಸಿಕೊಂಡು ಹೋದದ್ದು ಅದೇ ಮೊದಲು. ಅಂಗಡಿಯವರು ತಕ್ಕಡಿ ಹಿಡಿದುಕೊಂಡೇ ಹೊರಗೆ ಬಂದು ನೋಡಿದರು. ಪಕ್ಕದಲ್ಲಿ ಯಜಮಾನರು ನೆಟ್ಟಗೆ ಮುಂದೆ ನೋಡುತ್ತಾ ಕೂತಿದ್ದರು. ಸಿಟ್ಟೋ, ನಾಚಿಕೆಯೋ ತಿಳಿಯಲಿಲ್ಲ. ದೇವಸ್ಥಾನದ ರಸ್ತೆಯ ಸಂದಿಯಲ್ಲಿ ಎದುರಿಗೆ ಎಮ್ಮೆಗಳು ಬಂದಾಗ ಮಾತ್ರ, "ಹಾರ್ನ್ ಹೊಡಿ. ಎಲ್ಲೈತೆ ಅಂತ ಗೊತ್ತಲ್ಲ ನಿಂಗೆ," ಅಂದರು. ಆಗ ನನಗೆ ಉಸಿರು ಬಂತು.

ಶಿವಮೂರ್ತಪ್ಪನವರು ಕಾರಿನ ಸುತ್ತ ಮೂರು ಸಲ ತಿರುಗಿದರು. ಟೈರು ಒದ್ದು ನೋಡಿದರು. ಚಕ್ಕುಲಿ ತಿಂದರು. ಕಾಫಿ ಬಂತು. ಕೊನೆಗೆ, "ಏನಂತೀರಿ, ಮಾತು ಮುಗಿಸಾಣೇನ್ರಿ?" ಅಂದರು.

ನಾನು ಲೋಟದೊಳಗೆ ನೋಡುತ್ತಾ ಕೂತೆ.

"ಇಲ್ಲ ಶಿವಮೂರ್ತಪ್ನೋರೆ," ಅಂದರು ನಮ್ಮವರು. "ಡ್ರೈವರ್ ಒಪ್ತಾ ಇಲ್ಲ."

"ಡ್ರೈವರ್ ಇಟ್ಟೀರಾ? ಯಾವಾಗ?"

"ಎರಡು ವರ್ಷಾತು. ಊರೋರಿಗೆ ಹೇಳಿರ್ಲಿಲ್ಲ."

ವಾಪಸು ಬರುವಾಗ ಸಂಜೆ ಬಿಸಿಲು ಬೆನ್ನಿಗಿತ್ತು. ಹುಣಸೇಮರದ ಹತ್ತಿರ ನನ್ನ ಕಾಲು ತಾನೇ ಬ್ರೇಕಿನ ಮೇಲೆ ಹೋಯಿತು.

"ಯಾಕ ನಿಲ್ಲಿಸ್ದಿ?"

"ಹುಣಸೇಮರ ಬಂತಲ್ರಿ."

ಅವರು ಕಿಟಕಿಯಾಚೆ ಕತ್ತು ಚಾಚಿ ಬಹಳ ಹೊತ್ತು ನೋಡಿದರು. "ನಂಗ್ಯಾವ ಮರಾನೂ ಕಾಣವಲ್ದು ಕಮಲಾ," ಅಂದರು. "ನಡಿ."

ಎರಡು ವರ್ಷದಲ್ಲಿ ಆ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು. ನಾನು ಗೇರ್ ಹಾಕಿದೆ. ಪೇಟೆಯ ತಿರುವಿನಲ್ಲಿ ಅವರು ಎಂದಿನಂತೆ ಕೈಯೆತ್ತಿದರು.

"ರೀ, ಅದು ಅಂಚೆ ಡಬ್ಬ."

ಕೈ ಕೆಳಗಿಳಿಯಲಿಲ್ಲ. "ಹೌದಾ?" ಅಂದರು. "ಅದಕ್ಕೇ ಇಷ್ಟು ದಿನ ಒಂದ್ ಮಾತೂ ಎದುರಾಡ್ಲಿಲ್ಲ. ಒಳ್ಳೇ ಮನುಷ್ಯ."