ಏಳನೇ ಪರದೆಗೆ ಸೀಟಿ ಇಲ್ಲ

ನಾನು ಒಂದು ವಿ.ಆರ್. ಕನ್ನಡಕ. ಕನ್ನಡಕ ಎಂದ ಕೂಡಲೇ ಮೂಗಿನ ಮೇಲೆ ಕೂರುವ ಹಗುರ ವಸ್ತುವನ್ನು ನೆನೆಯಬೇಡಿ. ಊಟದ ಡಬ್ಬಿಯಷ್ಟು ದಪ್ಪ, ಕಪ್ಪು ಬಣ್ಣ, ಹಿಂದೆ ಒಂದು ಪಟ್ಟಿ, ಜೊತೆಗೆ ಕೈಯಲ್ಲಿ ಹಿಡಿಯಲು ಗುಂಡಿಗಳಿರುವ ಎರಡು ಹಿಡಿಕೆ. ನನ್ನನ್ನು ಮುಖಕ್ಕೆ ಕಟ್ಟಿಕೊಂಡವರಿಗೆ ಎದುರಿಗಿರುವುದು ಯಾವುದೂ ಕಾಣುವುದಿಲ್ಲ, ಇಲ್ಲದ್ದೆಲ್ಲ ಕಾಣುತ್ತದೆ. ಅದಕ್ಕಾಗಿಯೇ ನನ್ನನ್ನು ಮಾಡಿದ್ದು.

ಹುಟ್ಟಿದ್ದು ಕಡಲಾಚೆಯ ಒಂದು ಕಾರ್ಖಾನೆಯಲ್ಲಿ. ಬಿಳಿ ಟೊಪ್ಪಿಗೆಯ ಒಬ್ಬಳು ನನ್ನ ಗಾಜುಗಳನ್ನು ಒರೆಸಿ, ಸರಿಯಾಗಿದೆಯೋ ಇಲ್ಲವೋ ಎಂದು ಒಳಗೆ ಇಣುಕಿದಳು. ದಣಿದು ಕೆಂಪಾದ ಕಣ್ಣುಗಳು. ಅವೇ ನಾನು ನೋಡಿದ ಮೊದಲ ಕಣ್ಣುಗಳು. ಹೌದು, ನಾನೂ ನೋಡುತ್ತೇನೆ. ಚಿತ್ರವನ್ನು ಸ್ಪಷ್ಟವಾಗಿ ಕೂಡಿಸಲಿಕ್ಕೆಂದು ನನ್ನೊಳಗೆ ಎರಡು ಪುಟ್ಟ ಕ್ಯಾಮೆರಾ ಇಟ್ಟಿದ್ದಾರೆ. ಹಾಕಿಕೊಂಡವರ ಕಣ್ಣು ಎತ್ತ ಹೊರಳಿತು, ಎಷ್ಟು ಅರಳಿತು, ಯಾವಾಗ ಮುಚ್ಚಿತು, ಎಲ್ಲವೂ ನನಗೆ ಗೊತ್ತಾಗುತ್ತದೆ. ಹೇಳಲು ಮಾತ್ರ ಬಾಯಿಲ್ಲ.

ಹುಬ್ಬಳ್ಳಿಗೆ ಬಂದ ಮೇಲೆ ನನ್ನ ಮೊದಲ ಯಜಮಾನ ಮನೆ ಮಾರುವವನು. ಊರ ಹೊರಗಿನ ಜಾಲಿಕಂಟಿಯ ಬಯಲಲ್ಲಿ ಒಂದು ತಗಡಿನ ಶೆಡ್ಡು, ಅದರೊಳಗೆ ಎರಡು ಸೋಫಾ, ನಡುವೆ ನಾನು. ಬಂದವರ ಮುಖಕ್ಕೆ ನನ್ನನ್ನು ಕಟ್ಟಿ, ಇನ್ನೂ ಕಟ್ಟದ ಮನೆಯ ಅಡುಗೆಮನೆ ತೋರಿಸುತ್ತಿದ್ದ. ಒಬ್ಬಾಕೆ ಖುಷಿಯಿಂದ ನಲ್ಲಿ ತಿರುಗಿಸಲು ಕೈ ಚಾಚಿ ಯಜಮಾನನ ಕೊರಳಪಟ್ಟಿ ಹಿಡಿದಿದ್ದಳು. ಆ ಮನೆಗಳು ಮೇಲೇಳಲೇ ಇಲ್ಲ. ಒಂದು ದಿನ ಶೆಡ್ಡಿಗೆ ಬೀಗ ಬಿತ್ತು, ನಾನು ಮಾಲೊಂದರ ಮೂರನೇ ಮಹಡಿಯ ಆಟದಂಗಡಿಗೆ ಹೋದೆ.

ಅಂಗಡಿ ರುದ್ರಗೌಡರದು. ಆಟ ಆಡಿಸುತ್ತಿದ್ದವಳು ಭಾಗೀರಥಿ ಬಡಿಗೇರ. ಮೂವತ್ತೈದರ ಆಸುಪಾಸು, ಮೊದಲು ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದವಳು. ಶಾಲೆಯವರು ಡ್ರಾಯಿಂಗ್ ಪಿರಿಯಡ್ಡನ್ನೇ ತೆಗೆದುಹಾಕಿದ್ದರಿಂದ ಇಲ್ಲಿಗೆ ಬಂದಿದ್ದಳು. ಒಬ್ಬರ ಬೆವರು ಇನ್ನೊಬ್ಬರಿಗೆ ತಾಗದಂತೆ ಪ್ರತಿ ಸಲವೂ ನನ್ನನ್ನು ಒರೆಸುತ್ತಿದ್ದಳು. ಅಷ್ಟು ಜತನ ನನಗೆ ಇನ್ಯಾರಿಂದಲೂ ಸಿಗಲಿಲ್ಲ.

ಆಟಗಾರರ ಅಭಿಪ್ರಾಯ ಎಂಬುದರ ಪರಿಚಯ ನನಗಾದದ್ದು ಅಲ್ಲಿಯೇ. ಕಾಲೇಜಿನವರಿಗೆ ಎದ್ದು ಬರುವ ಹೆಣಗಳನ್ನು ಗುಂಡಿಟ್ಟು ಉರುಳಿಸುವ ಆಟ ಬೇಕು. ಹೊಸದಾಗಿ ಮದುವೆಯಾದವರಿಗೆ ಎತ್ತರದ ಹಲಗೆಯ ಮೇಲೆ ನಡೆಯುವುದು ಬೇಕು, ಕಿರುಚಿ ಒಬ್ಬರನ್ನೊಬ್ಬರು ಹಿಡಿದುಕೊಳ್ಳಲು. ಕಥೆಯ ಆಟ, ಸಾಹಸದ ಆಟ ಕೇಳುವವರು ಹತ್ತರಲ್ಲಿ ಇಬ್ಬರು. ಆ ಇಬ್ಬರೂ ಹೊರಗೆ ಬಂದು ಹೇಳುವುದು ಒಂದೇ ಮಾತು: "ಚೊಲೋ ಐತ್ರಿ, ಆದ್ರ ಎಲ್ಲಾ ಇಂಗ್ಲೀಷಿನ್ಯಾಗ ಐತಿ. ನಮ್ಮ ಮಂದಿ ಕಥಿ ಇಲ್ಲೇನ್ರಿ?"

ಈ ಮಾತು ಭಾಗೀರಥಿಯ ತಲೆ ಹೊಕ್ಕಿತು. ಅದಕ್ಕೆ ಕಾರಣ ಅವಳ ಅಪ್ಪ. ದೇವೇಂದ್ರಪ್ಪ ನಾಟಕ ಕಂಪನಿಗಳಿಗೆ ಪರದೆ ಬರೆಯುತ್ತಿದ್ದವರು. ಕಾಡಿನ ಪರದೆ, ಅರಮನೆ ಪರದೆ, ಬೀದಿ ಪರದೆ, ನದಿಯ ಪರದೆ. 'ಪರದೆ ದೇವೇಂದ್ರಪ್ಪ' ಎಂದರೆ ಗದಗದಿಂದ ವಿಜಯಪುರದವರೆಗೆ ಗೊತ್ತು. ಆ ಪರದೆಗಳಲ್ಲಿ ಕೆಲವನ್ನು ಇಲಿ ತಿಂದವು, ಉಳಿದವು ಲಾರಿಗಳಿಗೆ ತಾಡಪತ್ರಿಯಾದವು. ಈಗ ಅಪ್ಪನ ಕಣ್ಣಿನ ನರ ಒಣಗುತ್ತಿತ್ತು. ಆಪರೇಷನ್ನಿಗೂ ಬಗ್ಗುವುದಿಲ್ಲ, ಇನ್ನೊಂದು ವರ್ಷ ಕಂಡರೆ ಹೆಚ್ಚು ಎಂದು ಡಾಕ್ಟರು ಹೇಳಿದ್ದರು. ಅಷ್ಟರೊಳಗೆ ಅವರ ಪರದೆಗಳನ್ನೆಲ್ಲ ನೆನಪಿನಿಂದ ಮತ್ತೆ ಕಟ್ಟಿ, ಅವರನ್ನೇ ಅವುಗಳ ಒಳಗೆ ನಡೆಸಬೇಕು ಎಂಬುದೊಂದೇ ಅವಳ ಹಟ.

ಕಂಪ್ಯೂಟರಿನಲ್ಲಿ ಆಟ ಕಟ್ಟುವುದನ್ನು ಕಲಿತಳು, ಸೋತಳು, ಮತ್ತೆ ಕಲಿತಳು. ಎಂಟು ತಿಂಗಳಲ್ಲಿ ಆಟ ಸಿದ್ಧವಾಯಿತು. ಹೆಸರು 'ಏಳನೇ ಪರದೆ'. ನಾಟಕ ಶುರುವಾಗುವ ಹೊತ್ತಿಗೆ ಕಂಪನಿಯ ನಾಯಕಿ ಕಾಣೆಯಾಗಿದ್ದಾಳೆ. ಆಡುವವನು ಅವಳನ್ನು ಹುಡುಕುತ್ತ ಒಂದೊಂದೇ ಪರದೆಯ ಒಳಗೆ ಹೋಗಬೇಕು. ಕಂಪನಿ ನಾಟಕದಲ್ಲಿ ಪರದೆ ಎಳೆಯುವವನಿಗೆ ಸೀಟಿ ಊದುತ್ತಿದ್ದರಲ್ಲ, ಹಾಗೆಯೇ ಇಲ್ಲಿಯೂ ಸೀಟಿ ಕೇಳಿದ ಕೂಡಲೇ ಗುಂಡಿ ಒತ್ತಬೇಕು, ಪರದೆ ಮೇಲೇಳುತ್ತದೆ. ಏಳನೆಯದರಲ್ಲಿ ಮಾತ್ರ ಸೀಟಿಯೂ ಇಲ್ಲ, ಮಾತೂ ಇಲ್ಲ. ಬಣ್ಣ ಹಚ್ಚದ ಬಿಳಿ ಬಟ್ಟೆಯ ಮುಂದೆ ಒಬ್ಬ ಮುದುಕ ನಿಂತಿದ್ದಾನೆ. ತಿರುಗಿ ನೋಡುತ್ತಾನೆ, ಕುಂಚ ಚಾಚುತ್ತಾನೆ. ನಾವು ಕೈ ನೀಡಿ ಅದನ್ನು ತೆಗೆದುಕೊಂಡರೆ ಬಟ್ಟೆಯ ಮೇಲೆ ನಾಯಕಿ ಮೂಡುತ್ತಾಳೆ, ಕಥೆ ಮುಗಿಯುತ್ತದೆ. ಆ ಮುದುಕನ ಮುಖ ದೇವೇಂದ್ರಪ್ಪನದು. ಮುಖದ ಒಂದೊಂದು ಸುಕ್ಕನ್ನೂ ಅವಳು ಬಿಟ್ಟಿರಲಿಲ್ಲ.

ರುದ್ರಗೌಡರು ದೊಡ್ಡ ಮನಸ್ಸು ಮಾಡಿ, "ಅಂಗಡ್ಯಾಗ ಮಂದಿಗೆ ಆಡಸಿ ನೋಡ್ವಾ, ಅಭಿಪ್ರಾಯ ಬರಸ್ಕೋ" ಎಂದರು. ಭಾಗೀರಥಿ ಚೀಟಿ ಅಚ್ಚು ಹಾಕಿಸಿದಳು. ಇಲ್ಲಿಂದಲೇ ಎಲ್ಲ ಕೆಟ್ಟಿತು.

ಆಟ ಮುಗಿಸಿ ನನ್ನನ್ನು ಕಳಚುತ್ತಿದ್ದ ಹಾಗೆ ಅವಳು ಎದುರಿಗೇ ನಿಂತಿರುತ್ತಿದ್ದಳು. ಒಂದು ಕೈಯಲ್ಲಿ ಚಹಾ, ಇನ್ನೊಂದರಲ್ಲಿ ಚೀಟಿ. "ಇದನ್ನ ನಾನ ಮಾಡೇನ್ರಿ. ನಮ್ಮಪ್ಪನ ಪರದಿಗೋಳು. ಖರೇ ಹೇಳ್ರಿ, ಹ್ಯಾಂಗೈತಿ?" ಈ ಊರಿನಲ್ಲಿ, ಉಣ್ಣಲು ಬಡಿಸಿದವಳು ಮುಂದೆ ನಿಂತು ಕೇಳಿದಾಗ ಸಾರಿಗೆ ಉಪ್ಪು ಜಾಸ್ತಿ ಎಂದವರು ಉಂಟೇ? ಚಹಾ ಕುಡಿದರು, ಬಾಯಿ ಒರೆಸಿಕೊಂಡರು, "ಭಾಳ ಚೊಲೋ ಐತ್ರಿ" ಎಂದು ಬರೆದು ಹೋದರು. ಹಳ್ಳಿಕೇರಿ ಎಂಬ ನಿವೃತ್ತ ಮೇಷ್ಟ್ರು ದುಂಡಗೆ 'ಅಮೋಘ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದರು.

ನಾನು ಕಂಡದ್ದೇ ಬೇರೆ. ಮೊದಲ ಪರದೆಯಲ್ಲಿ ಎಲ್ಲರ ಕಣ್ಣೂ ಅರಳುತ್ತಿದ್ದವು. ಅದು ಸುಳ್ಳಲ್ಲ. ಎರಡನೆಯದೂ ಸರಿ. ಮೂರನೆಯದು ನದಿ. ಅಲ್ಲಿ ದೋಣಿ ಹತ್ತಬೇಕು. ನೀರು ಕುಲುಕುತ್ತದೆ, ದೋಣಿ ಓಲಾಡುತ್ತದೆ, ಆದರೆ ಆಡುವವನ ಕಾಲು ಮಾತ್ರ ಮಾಲಿನ ಗಟ್ಟಿ ನೆಲದ ಮೇಲೆ. ಹೊಟ್ಟೆ ತೊಳಸದೆ ಇನ್ನೇನಾದೀತು? ಹಳ್ಳಿಕೇರಿ ಮೇಷ್ಟ್ರು ಕಣ್ಣು ಬಿಗಿಯಾಗಿ ಮುಚ್ಚಿಕೊಂಡವರು ಕೊನೆಯವರೆಗೂ ಬಿಡಲಿಲ್ಲ. ಸೀಟಿ ಕೇಳಿದಾಗ ಗುಂಡಿ ಒತ್ತಿದರು, ಭಾಗೀರಥಿ "ಕೈ ಚಾಚ್ರಿ" ಎಂದಾಗ ಕೈ ಚಾಚಿದರು, ಅಷ್ಟೇ. ಹೆಚ್ಚು ಕಡಿಮೆ ಎಲ್ಲರೂ ಹಾಗೆಯೇ. ಅವಳ ಲ್ಯಾಪ್‌ಟಾಪಿನಲ್ಲಿ ಕಾಣುತ್ತಿದ್ದದ್ದು ಚಿತ್ರ, ಅವರ ಕಣ್ಣಲ್ಲ. ಅವಳೋ ಆ ನದಿಯನ್ನು ನೂರಾರು ಸಲ ದಾಟಿದವಳು, ಅವಳಿಗೆ ಏನೂ ಆಗುತ್ತಿರಲಿಲ್ಲ. ಕಣ್ಣಿನ ಲೆಕ್ಕ ನನ್ನ ಹೊಟ್ಟೆಯಲ್ಲೇ ಇತ್ತು. ತೆಗೆದು ನೋಡುವ ದಾರಿಯೂ ಇತ್ತು. ಕೈಯಲ್ಲಿ ಕಂತೆಗಟ್ಟಲೆ ಚೀಟಿ ಇರುವಾಗ ಯಾರು ನೋಡುತ್ತಾರೆ? ಸುಳ್ಳು ಚೀಟಿ ಬರೆದ ಆ ಜನರ ಮೇಲೆ ನನಗಿರುವಷ್ಟು ಸಿಟ್ಟು ಇನ್ನಾರ ಮೇಲೂ ಇಲ್ಲ.

ಒಂದು ಸೋಮವಾರ, ಅಂಗಡಿ ರಜೆಯ ದಿನ, ಅವಳು ನನ್ನನ್ನು ಮನೆಗೆ ಒಯ್ದಳು. ಅಪ್ಪನಿಗೆ ಕಟ್ಟಿದಳು. ದೇವೇಂದ್ರಪ್ಪನ ಕಣ್ಣು ಆಗಲೇ ಸುತ್ತಲಂಚಿನಲ್ಲಿ ಮಬ್ಬಾಗಿದ್ದವು, ನಡುವೆ ಮಾತ್ರ ಚುರುಕು. ಕಾಡಿನ ಪರದೆ ಕಂಡು, "ಎಲಾ, ಈ ಅತ್ತಿಗಿಡ ನನ್ನದ!" ಎಂದರು. ಮೂರನೆಯದರಲ್ಲಿ ಅರ್ಧ ದಾರಿಗೆ ನನ್ನನ್ನು ಕಿತ್ತು ತೊಡೆಯ ಮೇಲೆ ಇಟ್ಟುಕೊಂಡರು.

"ತಪ್ಪಾಗೇತಿ, ಭಾಗೀ."

"ಏನ್ ತಪ್ಪು?"

"ಪರದಿ ಮ್ಯಾಲಿನ ನೀರು ಅಲ್ಲಾಡಬಾರದವಾ. ಅದು ನಿಂತಿರ್ತೈತಿ, ನೋಡಾಂವನ ಕಣ್ಣು ಅಲ್ಲಾಡ್ತೈತಿ. ನೀ ನೀರ್ನೂ ಅಲ್ಲಾಡಸಿದ್ರ ಅಂವಾ ನಿಲ್ಲೂದೆಲ್ಲಿ? ಹೊಟ್ಟಿ ತೊಳಸಾಕತ್ತೈತಿ ನನಗ."

ಅವಳು ಚೀಟಿಯ ಕಂತೆ ತಂದು ಅವರ ಮುಂದೆ ಸುರುವಿದಳು. "ಇಷ್ಟು ಮಂದಿ ಚೊಲೋ ಐತಿ ಅಂದಾರ. ಒಬ್ರರೆ ಹೊಟ್ಟಿ ತೊಳಸ್ತು ಅಂದಾರೇನ ನೋಡು. ನೀ ಒಬ್ಬಾಂವ ಶ್ಯಾಣ್ಯಾ! ನಿನ್ನ ಕಾಲ ಮುಗೀತು ಅಪ್ಪಾ, ಅದಕ ನಿನಗ ಹೊಟ್ಟಿ ತೊಳಸ್ತೈತಿ."

ಮಾತು ಬಾಯಿಂದ ಜಾರಿತ್ತು. ಒಂದು ಗುಂಡಿ ಒತ್ತಿದ್ದರೆ ನೇರ ಏಳನೆಯದಕ್ಕೆ ಕರೆದೊಯ್ಯಬಹುದಿತ್ತು, ಅವರು ತಮ್ಮ ಮುಖವನ್ನು ಕಾಣಬಹುದಿತ್ತು. ಆಗ ಕಣ್ಣಿತ್ತು. ಅವಳು ಒತ್ತಲಿಲ್ಲ. ಎಲ್ಲರೂ ದಾಟಿದ್ದನ್ನು ಅಪ್ಪನೂ ದಾಟಿಯೇ ಬರಲಿ ಎಂಬ ಜಂಬ. ದೇವೇಂದ್ರಪ್ಪ ಚೀಟಿಗಳನ್ನು ಒಂದೊಂದಾಗಿ ಆರಿಸಿ, ಜೋಡಿಸಿ, ಅವಳ ಕೈಗೆ ಕೊಟ್ಟರು. "ಆತವಾ" ಎಂದರು. ಆಮೇಲೆ ಆಟದ ಸುದ್ದಿ ಎತ್ತಲಿಲ್ಲ.

ಮರುತಿಂಗಳು ಅವಳು ಆಟವನ್ನು ಇಂಟರ್‌ನೆಟ್ಟಿನ ಆಟದ ಪೇಟೆಗೆ ಬಿಟ್ಟಳು. ಅಲ್ಲಿ ಚಹಾ ಇಲ್ಲ, ಎದುರಿಗೆ ನಿಂತ ಭಾಗೀರಥಿಯೂ ಇಲ್ಲ. ಒಂದೊಂದೇ ಅಭಿಪ್ರಾಯ ಬರತೊಡಗಿತು. 'ದೋಣಿ ಹತ್ತಿದ ಎರಡೇ ನಿಮಿಷಕ್ಕೆ ವಾಂತಿ.' 'ಚಿತ್ರಗಳು ಚೆಂದ, ಆದರೆ ಮೂರನೇ ಪರದೆ ದಾಟುವುದಕ್ಕೆ ಆಗಲಿಲ್ಲ. ಕಥೆ ಏನಾಯಿತೋ ಗೊತ್ತಿಲ್ಲ.' 'ಇದನ್ನು ಮಾಡಿದವರು ಒಬ್ಬರಿಗಾದರೂ ಆಡಿಸಿ ನೋಡಿದ್ದಾರಾ?' ಐದು ನಕ್ಷತ್ರದ ಜಾಗದಲ್ಲಿ ಎಲ್ಲರದೂ ಒಂದೇ ನಕ್ಷತ್ರ. ಅವಳು ಜೋರಾಗಿ ಓದುತ್ತಿದ್ದಳು, ಮೇಜಿನ ಮೇಲೆ ಕುಳಿತು ನಾನು ಕೇಳುತ್ತಿದ್ದೆ. ಒಂದು ಹೆಸರಿನ ಹತ್ತಿರ ಅವಳ ದನಿ ನಿಂತಿತು. ಎಸ್. ಬಿ. ಹಳ್ಳಿಕೇರಿ, ನಿವೃತ್ತ ಶಿಕ್ಷಕರು. 'ಮಾಲಿನಲ್ಲಿ ಇದನ್ನು ಆಡಿ ಬಂದು, ತಲೆ ತಿರುಗಿ ಎರಡು ತಾಸು ಮಲಗಬೇಕಾಯಿತು. ಯಾರೂ ಆಡಬೇಡಿ.'

"ನನ್ನ ಮುಂದ ಚಾ ಕುಡದು ಹೋದ್ರಲ್ಲ ಇವ್ರು!" ಎಂದಳು. "ಬಾಯಿಬಿಟ್ಟು ಹೇಳಿದ್ರ ಏನಾಗ್ತಿತ್ತು?"

ಏನೂ ಆಗುತ್ತಿರಲಿಲ್ಲ. ಒಬ್ಬರು ಬಾಯಿಬಿಟ್ಟು ಹೇಳಿದ್ದರಲ್ಲ, ಅವರಿಗೆ ಇವಳು ಕೊಟ್ಟ ಉತ್ತರ ನನಗೆ ನೆನಪಿತ್ತು. ಅವಳಿಗೂ ನೆನಪಾಗಿರಬೇಕು, ಲ್ಯಾಪ್‌ಟಾಪಿನಲ್ಲಿ ನದಿಯ ಪರದೆಯನ್ನು ಮತ್ತೆ ತೆರೆದಳು.

ನದಿಯನ್ನು ನಿಲ್ಲಿಸಲು ಆರು ತಿಂಗಳು ಹಿಡಿಯಿತು. ಪರದೆಯ ನೀರು ಪರದೆಯಲ್ಲೇ ನಿಲ್ಲಬೇಕು, ಆಡುವವನು ತನ್ನ ಕಾಲಲ್ಲೇ ಕಲ್ಲಿನಿಂದ ಕಲ್ಲಿಗೆ ಹೆಜ್ಜೆ ಇಡಬೇಕು, ಆಗದವರು ನಿಂತಲ್ಲೇ ಸೀಟಿ ಕೇಳಿ ಗುಂಡಿ ಒತ್ತಿದರೂ ದಾಟಬಹುದು. ಅಪ್ಪ ಹೇಳಿದ ಹಾಗೆಯೇ ಮಾಡಿದಳು. ಪೇಟೆಯಲ್ಲಿ ಅದನ್ನು ತೆರೆದು ನೋಡಿದವರೇ ಇಲ್ಲ. ಒಂಟಿ ನಕ್ಷತ್ರ ಹಣೆಗೆ ಅಂಟಿದ ಆಟವನ್ನು ಯಾರು ಮತ್ತೆ ಮುಟ್ಟುತ್ತಾರೆ? ಅಷ್ಟರಲ್ಲಿ ರುದ್ರಗೌಡರು ಹೊಸ ಕನ್ನಡಕ ತಂದರು, ಪಟ್ಟಿ ಹರಿದ ನನ್ನನ್ನು "ನೀನ ಇಟ್ಗೋವಾ" ಎಂದು ಅವಳಿಗೇ ಕೊಟ್ಟುಬಿಟ್ಟರು.

ಅವಳು ನನ್ನನ್ನು ತಂದು ಅಪ್ಪನ ಮುಂದೆ ಕುಳಿತಳು. "ಅಪ್ಪಾ, ನೀ ಹೇಳಿದ್ದ ಖರೇ ಇತ್ತು. ನೀರು ನಿಲ್ಲಿಸೇನಿ. ಇನ್ನೊಮ್ಮೆ ನೋಡ್ತಿ?"

"ಕಟ್ಟವಾ" ಎಂದರು ದೇವೇಂದ್ರಪ್ಪ.

ನನ್ನನ್ನು ಅವರ ಮುಖಕ್ಕೆ ಕಟ್ಟಿದ ಕೂಡಲೇ ನನಗೆ ತಿಳಿಯಿತು. ಆ ಕಣ್ಣುಗಳು ಯಾವುದನ್ನೂ ಹಿಂಬಾಲಿಸುತ್ತಿರಲಿಲ್ಲ. ಬೆಳಕು ಹಾಯಿಸಿದೆ, ಪಾಪೆ ಕುಗ್ಗಲಿಲ್ಲ. ಗೋಡೆಯ ಗುರುತು ಹಿಡಿದು ಮನೆಯೊಳಗೆ ಓಡಾಡುತ್ತಿದ್ದ ಮನುಷ್ಯ ಮಗಳಿಗೆ ಸುಳಿವು ಕೊಟ್ಟಿರಲಿಲ್ಲ. ಆಟದಲ್ಲೇ ಮುಳುಗಿದ್ದ ಮಗಳು ನೋಡಿರಲೂ ಇಲ್ಲ.

ಸೀಟಿ ಊದಿತು, ಅವರು ಗುಂಡಿ ಒತ್ತಿದರು. ನಲವತ್ತು ವರ್ಷ ಆ ಸೀಟಿಗೆ ಕಿವಿಗೊಟ್ಟ ಮನುಷ್ಯ, ಒಂದು ಕ್ಷಣವೂ ತಪ್ಪಲಿಲ್ಲ. ಕಾಡು, ಬೀದಿ, ನದಿ. ಸೀಟಿಗಳನ್ನು ಎಣಿಸುತ್ತಿದ್ದವರು ಮೂರನೆಯದರಲ್ಲಿ, "ಈಗ ನೀರು ನಿಂತೈತಿ ನೋಡು" ಎಂದರು. ಮಗಳ ಮುಖ ಅರಳಿತ್ತೋ ಏನೋ, ಅವಳ ಉಸಿರು ಹಗುರಾದದ್ದು ಕೇಳಿಸಿತು. ಅರಮನೆ, ಸೆರೆಮನೆ, ತೋಟ. ಆರನೇ ಸೀಟಿ, ಆರನೇ ಗುಂಡಿ.

ಏಳನೇ ಪರದೆ. ಮುದುಕ ತಿರುಗಿದ, ಕುಂಚ ಚಾಚಿದ. ಈ ಸಲ ಭಾಗೀರಥಿ "ಕೈ ಚಾಚು" ಎನ್ನಲಿಲ್ಲ. ತನ್ನ ಮುಖ ತಾನೇ ಕಂಡು ಅಪ್ಪ ಕೈ ಚಾಚಿಯೇ ಚಾಚುತ್ತಾರೆ ಎಂದು ಸುಮ್ಮನೆ ಕಾದಳು. ದೇವೇಂದ್ರಪ್ಪನ ಕೈಗಳು ತೊಡೆಯ ಮೇಲೇ ಇದ್ದವು. ಅವರು ಸೀಟಿಗೆ ಕಾಯುತ್ತಿದ್ದರು. ಅವಳು ಆ ಕೈಗಳಿಗೆ ಕಾಯುತ್ತಿದ್ದಳು. ನಡುವೆ ನಾನು. ಅಂಥ ಹೊತ್ತು ನನ್ನ ಬಾಳಿನಲ್ಲಿ ಇನ್ನೊಂದಿಲ್ಲ.

ಸೀಟಿ ಬರದಿದ್ದಾಗ ಮುಗಿಯಿತೆಂದು ತಿಳಿದು ಅವರೇ ನನ್ನನ್ನು ಮೆಲ್ಲಗೆ ಕಳಚಿದರು. ಮಗಳಿದ್ದ ಕಡೆಗೆ ಸ್ವಲ್ಪ ತಪ್ಪಿ, ಬಾಗಿಲ ಕಡೆ ನಕ್ಕರು.

"ಭಾಳ ಚೊಲೋ ಐತವಾ" ಎಂದರು.

ಜೀವಮಾನದಲ್ಲಿ ಒಮ್ಮೆಯೂ ಹೊಗಳಲಿಕ್ಕೆಂದು ಸುಳ್ಳು ಹೇಳದ ಮನುಷ್ಯ. ಭಾಗೀರಥಿ ಬಾಗಿಲನ್ನು ನೋಡಿದಳು, ಅಪ್ಪನನ್ನು ನೋಡಿದಳು. ಅವರ ಮುಖದ ಮುಂದೆ ಕೈ ಆಡಿಸಲು ಎತ್ತಿದವಳು ಹಾಗೆಯೇ ಇಳಿಸಿದಳು. ಆಮೇಲೆ ಒಳಗೆ ಹೋಗಿ ಉಳಿದಿದ್ದ ಒಂದು ಖಾಲಿ ಚೀಟಿ ತಂದಳು. "ನಿನ್ನ ಅಭಿಪ್ರಾಯ ಬರ್ಕೋತೇನಿ ಅಪ್ಪಾ" ಎಂದಳು. 'ದೇವೇಂದ್ರಪ್ಪ ಬಡಿಗೇರ. ಚೊಲೋ ಐತಿ' ಎಂದು ಬರೆದು, ಅವರ ಬೆರಳು ಹಿಡಿದು ಸಹಿಯ ಜಾಗ ತೋರಿಸಿದಳು. ಅವರು ರುಜು ಹಾಕಿದರು. ಗೆರೆ ಬಿಟ್ಟು ಎರಡು ಬೆರಳು ಕೆಳಗೆ.

ಈಗ ನಾನು ಅವರ ಕುಂಚಗಳ ಪೆಟ್ಟಿಗೆಯಲ್ಲಿದ್ದೇನೆ. ಒಣಗಿದ ಬಣ್ಣದ ವಾಸನೆ, ಪಕ್ಕದಲ್ಲಿ ಚೀಟಿಯ ಕಂತೆ. ಬ್ಯಾಟರಿ ಸತ್ತಿದೆ, ಮೆತ್ತೆ ಉದುರುತ್ತಿದೆ. ದೇವೇಂದ್ರಪ್ಪ ಹೊರಗೆ ಕಟ್ಟೆಯ ಮೇಲೆ ಕುಳಿತಿರುತ್ತಾರೆ, ಭಾಗೀರಥಿ ಹೊತ್ತು ಹೊತ್ತಿಗೆ ಚಹಾ ಒಯ್ದು ಕೊಡುತ್ತಾಳೆ. ಕಣ್ಣಿನ ವಿಷಯ ಇಬ್ಬರೂ ಎತ್ತುವುದಿಲ್ಲ. ಚಹಾ ಹೇಗಿದೆ ಎಂದು ಅವಳು ಕೇಳುತ್ತಾಳೆ. ಚೊಲೋ ಐತಿ ಎನ್ನುತ್ತಾರೆ.